ಹೊಳೆ ತಿರುಗುವಲ್ಲಿ ಒಂದು ಟಿಕಲಿ

ಭಾರತ ನಮ್ಮ ಮನೆಯಲ್ಲಿ ಕಪಾಟಿನ ಮೇಲಿದೆ. ಸುರುಳಿ ಸುತ್ತಿ, ಹಳೆ ಲಂಗದ ಲಾಡಿಯಿಂದ ಕಟ್ಟಿ ಇಟ್ಟಿದ್ದೇನೆ. ಒಂದು ತುದಿ ಗೋಡೆಗೆ ತಾಗಿದೆ, ಇನ್ನೊಂದು ತುದಿ ಗೇಣುದ್ದ ಹೊರಗೆ ಚಾಚಿಕೊಂಡಿದೆ. ಮುಂಬಯಿ ದಹಿಸರಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಇಷ್ಟು ದೊಡ್ಡ ದೇಶಕ್ಕೆ ಬೇರೆ ಜಾಗ ಎಲ್ಲಿಂದ ತರುವುದು, ನೀವೇ ಹೇಳಿ. ಅದನ್ನು ಬಿಸಾಡು ಎಂದು ಹೇಳಿ ಹೇಳಿ ನಮ್ಮ ಮನೆಯವರು ಸುಸ್ತಾದರು. ಈಗ ನಮ್ಮ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗುತ್ತದಂತೆ, ಹಳೆಯದನ್ನು ಕೆಡವುತ್ತಾರಂತೆ, ಸಾಮಾನು ಕಟ್ಟಬೇಕಂತೆ. ಹಾಗಾಗಿ ಮೊನ್ನೆ ಕುರ್ಚಿ ಹತ್ತಿ ಅದನ್ನು ಇಳಿಸಿದೆ. ಆದರೆ ಬಿಚ್ಚಲಿಲ್ಲ. ಧೂಳು ಒರೆಸಿ ಮತ್ತೆ ಅಲ್ಲಿಯೇ ಇಟ್ಟೆ.

ಯಾಕೆ ಬಿಚ್ಚಲಿಲ್ಲ ಎಂದು ಹೇಳಲೆಂದೇ ಕೂತಿದ್ದೇನೆ. ಆದರೆ ಮೂವತ್ತೊಂದು ವರ್ಷ ಪಾಠ ಮಾಡಿದ ಬಾಯಿ ಇದು, ನೆಟ್ಟಗೆ ವಿಷಯಕ್ಕೆ ಬರುವ ಅಭ್ಯಾಸವಿಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ನಾನು ಬೊರಿವಲಿಯ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಭೂಗೋಳದ ಟೀಚರ್. ಆಗಿದ್ದೆ ಅನ್ನಬೇಕು. ಶಾಲೆಯೂ ಈಗ ಇಲ್ಲ. ಮಕ್ಕಳು ಕಡಿಮೆಯಾಗಿ ಆಗಿ ಕಡೆಗೆ ಎಂಟನೇ ಕ್ಲಾಸಿನಲ್ಲಿ ಮೂರು ಜನ ಉಳಿದಾಗ ಬಾಗಿಲು ಹಾಕಿದರು. ಕೊನೆಯ ದಿನ ಒಬ್ಬರು ಗಂಟೆ ಒಯ್ದರು, ಒಬ್ಬರು ಹೆಡ್‌ಮಾಸ್ಟರರ ಕುರ್ಚಿ ಒಯ್ದರು. ನನಗೆ ಭಾರತ ಬಂತು. ಬಟ್ಟೆಯ ನಕಾಶೆ, ಮೇಲೆ ಕೆಳಗೆ ಮರದ ಕೋಲು, ಅಚ್ಚ ಕನ್ನಡದ ಹೆಸರುಗಳು. ಕೆಲವು ರಾಜ್ಯಗಳು ಅದರಲ್ಲಿ ಇನ್ನೂ ಹುಟ್ಟಿರಲಿಲ್ಲ. ಛತ್ತೀಸಗಡವಿಲ್ಲ, ಝಾರ್ಖಂಡ್ ಇಲ್ಲ. ಅರುಣಾಚಲದ ಮೂಲೆಯನ್ನು ಜಿರಲೆ ತಿಂದಿತ್ತು. ಬಿಜಾಪುರ ಎನ್ನುವುದು ಒಂದೇ ದೊಡ್ಡ ಜಿಲ್ಲೆ, ಅದರ ನಡುವೆ ಕೃಷ್ಣಾ ನದಿ ನೀಲಿ ನೂಲಿನ ಹಾಗೆ ಹರಿಯುತ್ತಿತ್ತು. ಹೊಸ ನಕಾಶೆ ತರಿಸಿ ಎಂದು ಹೆಡ್‌ಮಾಸ್ಟರರಿಗೆ ಹೇಳಿದರೆ, ನದಿ ಬೆಟ್ಟ ಎಲ್ಲ ಅಲ್ಲಿಯೇ ಇದೆಯಲ್ಲ ಟೀಚರ್, ಗೆರೆ ಮಾತ್ರ ಬದಲಾದದ್ದು, ಪೆನ್ಸಿಲಿನಲ್ಲಿ ಎಳೆದುಕೊಳ್ಳಿ ಎನ್ನುತ್ತಿದ್ದರು. ಎಳೆದುಕೊಂಡೆ. ನದಿ ಬೆಟ್ಟ ಅಲ್ಲಿಯೇ ಇರುತ್ತದೆ ಎನ್ನುವುದನ್ನು ನಾನೂ ನಂಬಿದ್ದೆ.

ದೇಶವನ್ನೆಲ್ಲ ಪಾಠ ಮಾಡಿದ ನಾನು ನೋಡಿದ್ದೆಷ್ಟು ಅಂತೀರಿ? ಮುಂಬಯಿ, ಕಾರ್ಕಳದ ತವರುಮನೆ, ಎರಡರ ಮಧ್ಯದ ಕೊಂಕಣ ರೈಲು. ಒಮ್ಮೆ ನಾಸಿಕ್. ಅಷ್ಟೇ. ಥಾರ್ ಮರುಭೂಮಿಯ ಬಿಸಿಗಾಳಿಯನ್ನು ನಾನು ವರ್ಣಿಸುವುದು ಕೇಳಿ ಮಕ್ಕಳು ನೀರು ಕುಡಿಯಲು ಏಳುತ್ತಿದ್ದರು. ಆದರೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಇವತ್ತಿಗೂ ನಾನು ಪೂರ್ವಕ್ಕೆ ಹೋಗಬೇಕಾದಲ್ಲಿ ಪಶ್ಚಿಮಕ್ಕೆ ಹೋಗುತ್ತೇನೆ. ನಮ್ಮ ಮನೆಯವರು ಅಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಮದುವೆಯಾದ ಹೊಸತರಲ್ಲಿ ಅವರಿಗೆ ಊಟ ಒಯ್ದು (ಹೋಟೆಲಿನವರಿಗೆ ಊಟ ಒಯ್ಯುವ ಬುದ್ಧಿ ನೋಡಿ!) ಒಂದೂವರೆ ಗಂಟೆ ಸುತ್ತಿದ್ದೇನೆ. ಬ್ರಹ್ಮಪುತ್ರ ಎಲ್ಲಿ ತಿರುಗುತ್ತದೆ ಎಂದು ಗೊತ್ತು, ಗಂಡನ ಹೋಟೆಲಿಗೆ ಎಲ್ಲಿ ತಿರುಗಬೇಕೆಂದು ಗೊತ್ತಿಲ್ಲ ಅಂತ ಅವರು ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನನ್ನ ಕ್ಲಾಸಿನಲ್ಲಿ ಒಂದು ಪದ್ಧತಿ ಇತ್ತು. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದರೆ ಮೊದಲ ದಿನ ಪುಸ್ತಕ ತೆಗೆಸುತ್ತಿರಲಿಲ್ಲ. ಒಂದು ಚೀಟಿ ಕೆಂಪು ಟಿಕಲಿ ತರುತ್ತಿದ್ದೆ, ಹೆಂಗಸರು ಹಣೆಗೆ ಅಂಟಿಸಿಕೊಳ್ಳುವುದೇ. ಒಬ್ಬೊಬ್ಬರೇ ಬಂದು ತಮ್ಮ ಊರಿನ ಮೇಲೆ ಒಂದು ಟಿಕಲಿ ಹಚ್ಚಬೇಕು. ಊರು ಗೊತ್ತಿಲ್ಲದಿದ್ದರೆ ಮನೆಯಲ್ಲಿ ಕೇಳಿಕೊಂಡು ಬರಬೇಕು. ಮೊದಮೊದಲು ಬಂದವರು ನಮ್ಮ ಕಡೆಯ ಮಕ್ಕಳು, ಹೋಟೆಲಿನವರ ಮಕ್ಕಳು. ಕಾಪು, ಕುಂದಾಪುರ, ಕಾರ್ಕಳ, ಸುರತ್ಕಲ್. ಕರಾವಳಿಗೆ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು. ಆಮೇಲೆ ಆ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಟಿಕಲಿಗಳು ಘಟ್ಟ ಹತ್ತಿ ಮೇಲೆ ಬಲಕ್ಕೆ ಸರಿದವು. ಬಿಜಾಪುರ, ಗುಲ್ಬರ್ಗ, ರಾಯಚೂರು. ಗಾರೆ ಕೆಲಸದವರ, ರಸ್ತೆ ಅಗೆಯುವವರ, ಮನೆಗೆಲಸದವರ ಮಕ್ಕಳು. ಇಲ್ಲಿಯೇ ಹುಟ್ಟಿದ ಒಂದು ಹುಡುಗಿ ದಹಿಸರ್ ಹುಡುಕಿದಳು, ಸಿಗಲಿಲ್ಲ. ನಕಾಶೆಯಲ್ಲಿ ಬೊಂಬಾಯಿ ಅಂತ ಒಂದು ಚುಕ್ಕೆ ಮಾತ್ರ ಇತ್ತು. ಅವಳು ಟಿಕಲಿಯನ್ನು ಸಮುದ್ರದಲ್ಲಿ ಹಚ್ಚಿದಳು, ನಾನು ಬೈದೆ.

ಶಿವಪ್ಪ ಐದನೇ ಕ್ಲಾಸಿಗೆ ಬಂದವನು ತಡಮಾಡದೆ ಹಚ್ಚಿದ. ಕೃಷ್ಣಾ ನದಿ ಒಂದು ಕಡೆ ಮೊಣಕೈ ಮಡಚಿದ ಹಾಗೆ ತಿರುಗುತ್ತದೆ, ಸರಿಯಾಗಿ ಅದರ ಒಳಮೈಗೆ. ನಕಾಶೆಯಲ್ಲಿ ಹೆಸರೇ ಇಲ್ಲದ ಊರು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವ್ವ ಹೇಳಿದ್ದಾಳೆ ಅಂದ. ಹೊಳೆ ಎಲ್ಲಿ ತಿರುಗುತ್ತದೆ, ಗುಡಿ ಎಲ್ಲಿ, ಬಟ್ಟೆ ಒಗೆಯುವ ಕಲ್ಲು ಎಲ್ಲಿ, ಎಲ್ಲ ಪಟಪಟನೆ ಹೇಳಿದ. ಅವನ ಬೆನ್ನು ತಟ್ಟಿ, ನೋಡಿ, ಭೂಗೋಳ ಅಂದರೆ ಇದು ಎಂದು ಇಡೀ ಕ್ಲಾಸಿಗೆ ಹೇಳಿದೆ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅವನ ಅವ್ವ ಗಂಗವ್ವ ನಮ್ಮ ಬಿಲ್ಡಿಂಗಿನಲ್ಲಿ ನಾಲ್ಕು ಮನೆ ಪಾತ್ರೆ ತೊಳೆಯುತ್ತಾಳೆ, ಅದರಲ್ಲಿ ನಮ್ಮದೂ ಒಂದು. ಗಂಡ ಮೊದಲೇ ತೀರಿಹೋಗಿದ್ದ. ನಮ್ಮ ಮನೆಯ ಅಡುಗೆಕಟ್ಟೆಯ ಹತ್ತಿರ ನಿಂತು ಅವಳು ಊರಿನ ಸುದ್ದಿ ಹೇಳುವಾಗಲೆಲ್ಲ ಹೊಳೆಯ ದಂಡೆಯಿಂದಲೇ ಶುರು. ಶಿವಪ್ಪ ಹತ್ತನೆಯದರವರೆಗೆ ಓದಿ ಬಿಲ್ಡಿಂಗ್ ಪೇಂಟಿಂಗಿಗೆ ಹೋದ. ಗೊತ್ತಲ್ಲ, ಹೊರಗೋಡೆಗೆ ಬಣ್ಣ ಬಳಿಯುವವರು, ಎರಡು ಹಗ್ಗಕ್ಕೆ ಒಂದು ಹಲಗೆ ಕಟ್ಟಿ ಮೇಲಿನಿಂದ ಇಳಿಬಿಡುತ್ತಾರೆ, ಅದರ ಮೇಲೆ ಕೂತು ಕೆಲಸ. ಮಳೆಗಾಲಕ್ಕೆ ಮುಂಚೆ ಇಡೀ ಉಪನಗರಕ್ಕೆ ಬಣ್ಣ ಬಳಿಯಬೇಕಲ್ಲ, ಮೇ ತಿಂಗಳಲ್ಲಿ ಅವರಿಗೆ ಬಿಡುವಿಲ್ಲ. ದಾರಿಯಲ್ಲಿ ಸಿಕ್ಕಿದರೆ ಮೈಯೆಲ್ಲ ಸುಣ್ಣವಾಗಿ, ಟೀಚರ್ರ, ನಮಸ್ಕಾರ್ರಿ ಎನ್ನುತ್ತಿದ್ದ. ಇತ್ತೀಚಿನ ವರ್ಷಗಳಲ್ಲಿ ಸಿಗುವುದು ಕಡಿಮೆಯಾಗಿತ್ತು.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲೇ, ಗಂಗವ್ವನ ಊರಿನಲ್ಲಿ ಪಂಚಾಯಿತಿ ಎಲೆಕ್ಷನ್. ಇಪ್ಪತ್ತು ವರ್ಷದಿಂದ ದಹಿಸರಿನಲ್ಲಿದ್ದರೂ ಅವಳ ಓಟು ಊರಿನಲ್ಲಿಯೇ. ಆ ಕಡೆಯವರದೆಲ್ಲ ಹಾಗೆಯೇ. ಎಲೆಕ್ಷನ್ ಬಂತೆಂದರೆ ನಿಂತವರು ಇಲ್ಲಿಗೆ ಬಸ್ಸು ಕಳಿಸುತ್ತಾರೆ, ಚಾಳಿನ ಎದುರಿನಿಂದಲೇ ಹತ್ತಿಸಿಕೊಂಡು ಹೋಗುತ್ತಾರೆ. ಗಂಗವ್ವ ಹೊಸ ಸೀರೆ ಉಟ್ಟು, ನಾಕ್ ದಿನ ರಜಾ ಕೊಡ್ರಿ ಎಂದು ಹೇಳಿ ಹೋದಳು. ಶಿವಪ್ಪನಿಗೆ ಕೆಲಸ ಬಿಡಲಾಗಲಿಲ್ಲ.

ಅವಳು ಹೋದ ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ನನಗೆ ಫೋನ್ ಬಂತು. ಗಂಗವ್ವ ಎಲ್ಲ ಕಡೆ ನನ್ನ ನಂಬರನ್ನೇ ಕೊಟ್ಟಿರುತ್ತಾಳೆ. ಫೋನ್ ಮಾಡಿದವನು ಮುಕೇಶ, ಶಿವಪ್ಪನ ಜೊತೆಗೆ ಅದೇ ಹಲಗೆಯ ಮೇಲೆ ಕೂರುವ ಝಾರ್ಖಂಡಿನವನು. ಹಗ್ಗ ಕಡಿದಿದೆ, ಶಿವಪ್ಪ ಒಂಬತ್ತನೇ ಮಾಳಿಗೆಯಿಂದ ಬಿದ್ದಿದ್ದಾನೆ. ಮುಕೇಶ ಆಗತಾನೇ ಚಹಾ ತರಲು ಇಳಿದಿದ್ದನಂತೆ. ಅವನು ಅಳುತ್ತಿರಲಿಲ್ಲ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ.

ನಾನು ಆಸ್ಪತ್ರೆಗೆ ಹೋದೆ. ಆಗಲೇ ಎಲ್ಲ ಮುಗಿದಿತ್ತು. ಹವಾಲ್ದಾರ ಬಂದು ಒಳಗೆ ಹೋಗಿ ಗುರುತು ಹೇಳಬೇಕು ಅಂದ. ಸುಳ್ಳು ಯಾಕೆ ಹೇಳಲಿ, ಹೆದರಿಕೆಯಾಯಿತು. ಹತ್ತು ವರ್ಷದವನಾಗಿದ್ದಾಗ ಬೆನ್ನು ತಟ್ಟಿದ ಹುಡುಗ, ಒಂಬತ್ತನೇ ಮಾಳಿಗೆಯಿಂದ ಬಿದ್ದವನನ್ನು ಹೇಗೆ ನೋಡುವುದು? ನೀನೇ ಹೋಗಪ್ಪಾ ಎಂದು ಮುಕೇಶನನ್ನು ಕಳಿಸಿ ನಾನು ಹೊರಗೆ ಬೆಂಚಿನ ಮೇಲೆ ಕೂತು ಕಾಗದಪತ್ರ ಓದುವವಳ ಹಾಗೆ ಓದುತ್ತಿದ್ದೆ. ಕಾಗದಪತ್ರದಲ್ಲಿ ನಾನು ಗಟ್ಟಿ. ಹೆಣ ಊರಿಗೆ ಒಯ್ಯಬೇಕೆಂದರೆ ಪೊಲೀಸರ ಚೀಟಿ ಬೇಕು, ಅದರಲ್ಲಿ ಊರು, ತಾಲೂಕು, ಜಿಲ್ಲೆ ಬರೆಯಬೇಕು. ಗಾಂವ್ ಕುಠಲಂ, ಊರು ಯಾವುದು, ಎಂದು ಹವಾಲ್ದಾರ ಮರಾಠಿಯಲ್ಲಿ ಕೇಳಿದಾಗ ನಾನು ಎದ್ದು ನಿಂತು ಹೇಳಿದೆ. ಅಕ್ಷಾಂಶ ರೇಖಾಂಶ ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆನೋ ಏನೋ.

ಸಂಜೆ ಕಾಗದ ಕೈಗೆ ಬಂದ ಮೇಲೆ ಗಂಗವ್ವನ ತಮ್ಮ ಮಲ್ಲಪ್ಪನಿಗೆ ಊರಿಗೆ ಫೋನ್ ಹಚ್ಚಿದೆ. ಅವಳಿಗೆ ಹೇಳಿಯಾಗಿತ್ತು. ಅವಳೇ ಫೋನ್ ತೆಗೆದುಕೊಂಡಳು. ಅಳು ಇರಲಿಲ್ಲ, ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗಿತ್ತು.

"ಟೀಚರ್ರ, ಅವನ ಮಾರಿ ನಾ ನೋಡಬೇಕ್ರಿ. ಬಿಸಿಲೇರೂದ್ರಾಗ ಕಳಸ್ರಿ. ಹೊತ್ತಾದ್ರ ಬಿಚ್ಚಂಗಿಲ್ರಿ ಇವ್ರು."

ಅವರಲ್ಲಿ ಮಣ್ಣು ಮಾಡುವುದು. ಮುಖ ನೋಡಿ, ಹಣೆಗೆ ವಿಭೂತಿ ಹಚ್ಚಿ ಆಮೇಲೆ ಗುಂಡಿಗೆ ಇಳಿಸಬೇಕು. ಆದರೆ ಮೇ ತಿಂಗಳ ಬಿಜಾಪುರದ ಬಿಸಿಲು, ಎತ್ತರದಿಂದ ಬಿದ್ದ ದೇಹ, ಐಸಿನ ಪೆಟ್ಟಿಗೆ. ಅವಳು ಹೇಳಿದ್ದು ನನಗೆ ಅರ್ಥವಾಯಿತು. ಸೂರ್ಯ ಹುಟ್ಟುವಾಗ ನಿನ್ನ ಮಗ ನಿನ್ನ ಎದುರಿಗೆ ಇರುತ್ತಾನೆ ಗಂಗವ್ವ, ನಾನಿದ್ದೇನೆ ಅಂದೆ. ಮಾತು ಕೊಟ್ಟೆ.

ಮಲ್ಲಪ್ಪ ಮತ್ತೆ ಫೋನ್ ತೆಗೆದುಕೊಂಡು ದಾರಿ ಹೇಳಲು ಶುರುಮಾಡಿದ. ಅಕ್ಕಾರ, ಊರು ಈಗ, ಎಂದು ಏನೋ ಅನ್ನುತ್ತಿದ್ದ. ಎದುರಿಗೆ ಹೆಣ ಒಯ್ಯುವ ಗಾಡಿಯ ಡ್ರೈವರ್ ಲೊಕೇಶನ್ ಹಾಕಿ ಲೊಕೇಶನ್ ಹಾಕಿ ಎಂದು ಅವಸರ ಮಾಡುತ್ತಿದ್ದ. ನನಗೆ ಗೊತ್ತುಂಟು ಮಾರಾಯ್ರೆ, ನಾನು ಭೂಗೋಳದ ಟೀಚರ್, ನೀವು ತಲೆಬಿಸಿ ಮಾಡಬೇಡಿ ಎಂದು ಫೋನ್ ಇಟ್ಟೆ.

ಡ್ರೈವರನ ಫೋನಿನಲ್ಲಿ ಊರಿನ ಹೆಸರು ಹಾಕಿದರೆ ಎರಡು ಬಂತು. ಒಂದು, ಹೆಸರಿನ ಮುಂದೆ ಪುನರ್ವಸತಿ ಕೇಂದ್ರ ಎಂದು ಬರೆದದ್ದು, ನದಿಯಿಂದ ಎಷ್ಟೋ ದೂರ ಬಯಲಿನಲ್ಲಿ. ಇನ್ನೊಂದು ಬರೀ ಹೆಸರು, ನೀಲಿಯ ಅಂಚಿಗೆ. ಮೊದಲನೆಯದು ಯಾವುದೋ ಸರ್ಕಾರಿ ಆಫೀಸಿರಬೇಕು ಅಂದುಕೊಂಡೆ. ನೀಲಿ ಕಂಡರೆ ನದಿ, ನದಿ ತಿರುಗುವಲ್ಲಿ ಶಿವಪ್ಪನ ಟಿಕಲಿ. ಎಷ್ಟೋ ವರ್ಷ ಕ್ಲಾಸಿನ ಗೋಡೆಯ ಮೇಲೆ ನೋಡಿದ್ದೇನೆ, ತಪ್ಪುವುದುಂಟೇ? ನಾನೇ ಬೆರಳಿನಿಂದ ಒತ್ತಿ ಕೊಟ್ಟೆ. ಮುಕೇಶ ಜೊತೆಗೆ ಹೋಗುತ್ತೇನೆ ಅಂದ. ಕನ್ನಡದ ಒಂದಕ್ಷರ ಬಾರದವನು, ಕರ್ನಾಟಕ ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲದವನು, ಗೆಳೆಯನ ಹೆಣದ ಪಕ್ಕ ಕೂತು ಹೊರಟ. ಡ್ರೈವರ್ ಉತ್ತರ ಪ್ರದೇಶದ ಜೌನ್‌ಪುರದವನು. ನಾನು ಮನೆಗೆ ಬಂದು ಸ್ನಾನ ಮಾಡಿ, ಸತ್ಯ ಹೇಳುತ್ತೇನೆ, ಇಷ್ಟಾದರೂ ನನ್ನ ಕೈಯಿಂದ ಆಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಚಹಾಕ್ಕೆ ನೀರು ಇಟ್ಟಿದ್ದೆ. ಮುಕೇಶನ ಫೋನ್.

"ಮೇಡಮ್, ಆಗೇ ಪಾನೀ ಹೈ. ಗಾಂವ್ ನಹೀಂ ಹೈ."

ಮುಂದೆ ನೀರಿದೆ, ಊರಿಲ್ಲ. ಸರಿಯಾಗಿ ನೋಡಪ್ಪಾ, ನದಿಯ ದಂಡೆಗೆ ಊರಿದೆ ಅಂದೆ. ದಂಡೆಯೇ ಕಾಣುವುದಿಲ್ಲ ಮೇಡಮ್, ಸಮುದ್ರದ ಹಾಗಿದೆ, ಡಾಂಬರು ರಸ್ತೆ ನೆಟ್ಟಗೆ ನೀರಿನೊಳಗೆ ಹೋಗಿದೆ ಎಂದ. ನನಗೆ ಆ ಕ್ಷಣಕ್ಕೆ ಎಲ್ಲ ತಿಳಿದುಹೋಯಿತು. ಅಣೆಕಟ್ಟು, ಹಿನ್ನೀರು, ಮುಳುಗಡೆ, ಪುನರ್ವಸತಿ. ನಾನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ ಶಬ್ದಗಳು. ಬಹೂದ್ದೇಶ ನದಿ ಯೋಜನೆಗಳು, ಐದು ಅಂಕದ ಪ್ರಶ್ನೆ. ಲಾಭಗಳು ಆರು, ನಷ್ಟಗಳು ಎರಡು, ಬಾಯಿಪಾಠ ಮಾಡಿಸಿದ್ದೇನೆ. ನಷ್ಟದ ಎರಡನೆಯ ಅಂಶದಲ್ಲಿ ಶಿವಪ್ಪನ ಊರು ಇತ್ತು. ಅವನು ಟಿಕಲಿ ಹಚ್ಚುವ ಹೊತ್ತಿಗೇ ಅದು ನೀರಿನ ಅಡಿ ಹೋಗಿಯಾಗಿತ್ತು. ಅವನು ಅದನ್ನು ನೋಡಿರಲೇ ಇಲ್ಲ. ಅವ್ವ ಹೇಳಿದ ಊರನ್ನು ಅವ್ವ ಹೇಳಿದ ಜಾಗದಲ್ಲಿ ತೋರಿಸಿದ್ದ.

ಮಲ್ಲಪ್ಪನಿಗೆ ಫೋನ್ ಮಾಡಿದೆ. ಹೊಸ ಊರು ನೀರಿನ ಆಚೆ ಕಡೆ, ಬೇರೆ ಜಿಲ್ಲೆ. ನೀರು ದಾಟುವ ಹಾಗಿಲ್ಲ, ಸೇತುವೆಗೆ ಹಿಂದೆ ಬಂದು ಸುತ್ತಿ ಹೋಗಬೇಕು. ಗಾಡಿ ಹಿಂದೆ ತಿರುಗಿತು. ನಡುವೆ ಕೆರೆಯೊಳಗಿನ ಮಣ್ಣು ಹೊತ್ತ ಟ್ರ್ಯಾಕ್ಟರುಗಳು ರಸ್ತೆ ಕಟ್ಟಿದ್ದವಂತೆ. ಮುಕೇಶನ ಫೋನ್ ಚಾರ್ಜು ಮುಗಿದು ಬಂದ್ ಆಯಿತು. ಡ್ರೈವರನಿಗೆ ದಾರಿ ಕೇಳಲು ಭಾಷೆ ಬಾರದು, ಹೇಳುವವರಿಗೆ ಅವನ ಹಿಂದಿ ತಿಳಿಯದು. ಇಲ್ಲಿ ಗೋಡೆ ಗಡಿಯಾರದ ಕೆಳಗೆ ನಾನು. ಎಂಟು, ಹತ್ತು, ಹನ್ನೊಂದೂವರೆ. ಗ್ರಾಂಟ್ ರೋಡಿನ ಮಾತನ್ನು ನಮ್ಮ ಮನೆಯವರು ಆಮೇಲೆ ಯಾವತ್ತೂ ಎತ್ತಿಲ್ಲ. ಚಹಾ ಕುದಿದು ಕುದಿದು ಪಾತ್ರೆ ಸೀದಿತ್ತು.

ಗಾಡಿ ಊರು ಮುಟ್ಟಿದಾಗ ಮಧ್ಯಾಹ್ನ ಒಂದೂವರೆಯಾಗಿತ್ತು. ಪೆಟ್ಟಿಗೆಯ ಐಸು ಯಾವಾಗಲೋ ಕರಗಿತ್ತು. ಗಂಗವ್ವ ಬೆಳಗಿನ ಐದಕ್ಕೇ ಊರ ಬಾಯಲ್ಲಿ, ಬಸ್ ನಿಲ್ಲುವ ಕಡೆ, ವಿಭೂತಿ ಗಟ್ಟಿ ಸೆರಗಿನಲ್ಲಿ ಕಟ್ಟಿಕೊಂಡು ಕೂತವಳು ಎದ್ದಿರಲಿಲ್ಲವಂತೆ. ಹಿರಿಯರು ಪೆಟ್ಟಿಗೆಯ ಹತ್ತಿರ ಹೋಗಿ ಬಂದು, ಬಟ್ಟೆ ಬಿಚ್ಚುವುದು ಬೇಡ ಎಂದರು. ಅವಳು ಕಾಲಿಗೆ ಬಿದ್ದಳು. ಬೇಡವೆಂದರೆ ಬೇಡ. ನಾಲ್ಕು ಜನ ಹೆಂಗಸರು ಅವಳನ್ನು ಹಿಡಿದುಕೊಂಡಿದ್ದರು, ಇತ್ತ ಬಟ್ಟೆಯ ಮೇಲಿಂದಲೇ ವಿಭೂತಿ ಹಾಕಿ ಮಣ್ಣು ಮುಚ್ಚಿದರು. ಸಂಜೆ ಮಲ್ಲಪ್ಪ ಇದನ್ನೆಲ್ಲ ಫೋನಿನಲ್ಲಿ ಹೇಳಿದ. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಕೇಶ ಅಲ್ಲಿಂದಲೇ ರೈಲು ಹತ್ತಿ ತನ್ನ ಊರಿಗೆ ಹೋದನಂತೆ, ಆಮೇಲೆ ಅವನ ನಂಬರೂ ಹತ್ತಲಿಲ್ಲ. ನಾಚಿಕೆ ಎಂದರೆ ಏನೆಂದು ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು ನನಗೆ.

ಒಂದೂವರೆ ತಿಂಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಬೆಲ್ಲು ಆಯಿತು. ಗಂಗವ್ವ. ಮಳೆ ಶುರುವಾಗಿತ್ತು, ಕೊಡೆ ಹೊರಗಿಟ್ಟು ಒಳಗೆ ಬಂದಳು. ಸೊರಗಿದ್ದಳು. ನೆಟ್ಟಗೆ ಸಿಂಕಿನ ಹತ್ತಿರ ಹೋಗಿ ಪಾತ್ರೆ ತೊಳೆದಳು. ಎಲ್ಲ ತೊಳೆದು ಬೋರಲು ಹಾಕಿ, ಅಡುಗೆಮನೆಯ ಹೊಸ್ತಿಲ ಹತ್ತಿರ ನೆಲಕ್ಕೆ ಕೂತಳು. ನಾನೂ ಅವಳೆದುರಿಗೆ ನೆಲಕ್ಕೆ ಕೂತೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ದಾರಿ ತಪ್ಪಿಸಿದ್ದು ನಾನೇ ಗಂಗವ್ವ, ನಿನ್ನ ತಮ್ಮ ಹೇಳಲು ಬಂದದ್ದನ್ನು ಕೇಳಲಿಲ್ಲ, ಎಲ್ಲ ಗೊತ್ತುಂಟು ಎಂದುಕೊಂಡೆ ಅಂದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, ಊರು ಅಲ್ಲೇ ಐತ್ರಿ, ನೀರಿನ ಬುಡಕ, ನಾನೂ ಅವಗ ಅಲ್ಲೇ ಐತಿ ಅಂತನ ಹೇಳ್ಕೋತ ಬಂದಿದ್ನಿ ಅಂದಳು. ಹೊಸ ಊರನ್ನು ಊರು ಎನ್ನಲು ತನಗೆ ಬಾಯಿಯೇ ಬರಲಿಲ್ಲವಂತೆ. ಓಟು ಹಾಕಲು ಹೋಗುವ ಜಾಗ ಅದು, ಅಷ್ಟೇ ಅಂದಳು.

ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಧೈರ್ಯ ನನಗಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನ ಮುಖ ನೋಡಿದಳು.

"ಟೀಚರ್ರ, ನೀವು ದವಾಖಾನಿಗೆ ಹೋಗಿದ್ರಿ. ನೀವು ನೋಡೀರಿ. ಹೆಂಗಿತ್ರಿ ಅವನ ಮಾರಿ?"

ನೋಡಿದವನು ಮುಕೇಶ ಒಬ್ಬ, ಅವನು ಎಲ್ಲಿದ್ದಾನೋ. ನಾನು ಬೆಂಚಿನ ಮೇಲೆ ಕೂತಿದ್ದೆ ಎಂದು ಹೇಳಬೇಕಿತ್ತು. ಒಂದು ತಪ್ಪು ಒಪ್ಪಿಕೊಂಡ ಬಾಯಿಗೆ ಇನ್ನೊಂದು ಒಪ್ಪಿಕೊಳ್ಳಲು ಆಗಲಿಲ್ಲ. ನೋಡಿದೆ ಗಂಗವ್ವ, ಮಲಗಿದ ಹಾಗಿತ್ತು ಅಂದೆ. ಕಣ್ಣು ಮುಚ್ಚಿತ್ತಾ ಎಂದು ಕೇಳಿದಳು. ಮುಚ್ಚಿತ್ತು ಅಂದೆ. ಮುಖಕ್ಕೆ ಪೆಟ್ಟಾಗಿತ್ತಾ? ಇಲ್ಲ, ಒಂದು ಗೀರೂ ಇರಲಿಲ್ಲ. ಕೆನ್ನೆಯ ಮೇಲೆ ಸ್ವಲ್ಪ ಬಣ್ಣ ಹತ್ತಿತ್ತು, ಒರೆಸಿದೆ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಪಾಠ ಮಾಡಿದ ಬಾಯಿ ಅಂದೆನಲ್ಲ, ತಡೆಯಲಿಲ್ಲ. ಕೂದಲು ಹಣೆಯ ಮೇಲೆ ಬಿದ್ದಿತ್ತು, ನಾನೇ ಕೈಯಿಂದ ಹಿಂದಕ್ಕೆ ಸರಿಸಿದೆ ಅಂದೆ.

ಅವಳ ಬೆರಳು ನಿಂತಿತು.

"ನಾ ಊರಿಗೆ ಹೋಗು ಮುಂದ ತಲಿ ಬೋಳಿಸಿಕೊಂಡಿದ್ದ್ರಿ ಅಂವ. ಹರಕಿ ಇತ್ತು."

ನಾನು ನೆಲ ನೋಡಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಮೇಲಿನ ಮನೆಯಲ್ಲಿ ಯಾರೋ ಮಿಕ್ಸರ್ ಹಾಕಿದ್ದರು. ಎದ್ದು ಹೋಗುತ್ತಾಳೆ, ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಅಂದುಕೊಂಡೆ. ಅವಳು ಏಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಸರಿದು ಕೂತಳು.

"ಇರ್ಲಿ. ಕೂದಲಾ ಹಿಂದ ಸರಿಸಿದ್ರಿ. ಆಮ್ಯಾಲೇನ್ ಮಾಡಿದ್ರಿ, ಹೇಳ್ರಿ."

ನಾನು ಹೇಳುತ್ತಾ ಹೋದೆ.